ಹಡಗಿನೊಳಗಿನ ರೋಗ, ಹೊರಗಿನ ನೀರು

ಅಮೆರಿಕದ ಬಂದರಿಗೆ ಬರುವ ಪ್ರವಾಸಿ ಹಡಗಿನಲ್ಲಿ ನೂರಕ್ಕೆ ಮೂವರು ವಾಂತಿಭೇದಿ ಎಂದು ಹಡಗಿನ ವೈದ್ಯರ ಹತ್ತಿರ ಹೇಳಿಕೊಂಡರೆ ಸಾಕು, ಆ ಹಡಗಿನ ಹೆಸರು ಸರ್ಕಾರದ ವೆಬ್‌ಸೈಟಿನಲ್ಲಿ ಬೀಳುತ್ತದೆ. ಯಾವ ಕಂಪನಿಯದು, ಯಾವ ತಾರೀಕಿನ ಯಾನ, ಹತ್ತಿದವರು ಎಷ್ಟು, ಮಲಗಿದವರು ಎಷ್ಟು, ಯಾವ ರೋಗಾಣು, ಎಲ್ಲವನ್ನೂ ಯಾರು ಬೇಕಾದರೂ ಓದಬಹುದು. 2024ರಲ್ಲಿ ಇಂಥ 18 ಪ್ರಕರಣಗಳು ದಾಖಲಾದವು. 2025ರಲ್ಲಿ ಸಂಖ್ಯೆ 20 ದಾಟಿತು. ಬಹುಪಾಲಿಗೆ ಕಾರಣ ನೊರೊವೈರಸ್.

ಈ ಪಟ್ಟಿ ಓದಿದವರಿಗೆ ಹಡಗು ಹತ್ತುವ ಆಸೆಯೇ ಹೋಗಬಹುದು. ಆದರೆ ಅದೇ ಇಲಾಖೆ, ಅಂದರೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ), ಇನ್ನೊಂದು ಮಾತನ್ನೂ ಹೇಳುತ್ತದೆ. ಆ ಮಾತು ಸುದ್ದಿಯಾಗುವುದಿಲ್ಲ: ವರದಿಯಾಗುವ ಒಟ್ಟು ನೊರೊವೈರಸ್ ಪ್ರಕರಣ ಸರಣಿಗಳಲ್ಲಿ, ಅಂದರೆ ಒಂದೇ ಕಡೆ ಹಲವರಿಗೆ ಹಬ್ಬುವ ಘಟನೆಗಳಲ್ಲಿ, ಹಡಗುಗಳ ಪಾಲು ಶೇ 1ರಷ್ಟು ಮಾತ್ರ. ಉಳಿದವು ವೃದ್ಧಾಶ್ರಮ, ಆಸ್ಪತ್ರೆ, ಶಾಲೆ, ಹೋಟೆಲುಗಳಲ್ಲಿ ಆಗುವಂಥವು. ಈ ವೈರಸ್ ಮೊದಲು ಗಮನಕ್ಕೆ ಬಂದದ್ದೂ ನೆಲದ ಮೇಲೆಯೇ. 1968ರಲ್ಲಿ ಒಹಾಯೊ ರಾಜ್ಯದ ನಾರ್ವಾಕ್ ಊರಿನ ಪ್ರಾಥಮಿಕ ಶಾಲೆಯೊಂದರ ಮಕ್ಕಳು ಒಟ್ಟಿಗೇ ವಾಂತಿ ಮಾಡಿಕೊಂಡರು. ಆಗ ತೆಗೆದಿಟ್ಟ ಮಾದರಿಯಲ್ಲಿ 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ತಂಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ವೈರಸ್ಸನ್ನು ಕಂಡಿತು.

ಹಾಗಾದರೆ ಹಡಗಿಗೇಕೆ ಈ ಕೆಟ್ಟ ಹೆಸರು? ಒಂದು ಮದುವೆ ಛತ್ರವನ್ನು ನೆನೆಸಿಕೊಳ್ಳಿ. ಊಟ ಮಾಡಿದ ಸಾವಿರ ಜನರಲ್ಲಿ ನೂರು ಮಂದಿಗೆ ಮರುದಿನ ಹೊಟ್ಟೆ ಕೆಟ್ಟರೂ ಅವರೆಲ್ಲ ಅಷ್ಟರಲ್ಲಿ ಹತ್ತು ಊರು ಸೇರಿರುತ್ತಾರೆ. ಯಾರಿಗೂ ಲೆಕ್ಕ ಸಿಗುವುದಿಲ್ಲ. ಹಡಗು ಏಳು ದಿನ ಬಾಗಿಲು ಹಾಕಿಕೊಂಡ ಛತ್ರ. ಅಡುಗೆ ಮನೆ ಒಂದೇ, ನೀರಿನ ತೊಟ್ಟಿ ಒಂದೇ, ವೈದ್ಯರೂ ಒಬ್ಬರೋ ಇಬ್ಬರೋ. ಹತ್ತಿದವರ ಪಟ್ಟಿ ಹೆಸರು, ವಯಸ್ಸು, ಕೋಣೆ ಸಂಖ್ಯೆ ಸಮೇತ ಇದೆ. ಸೋಂಕುಶಾಸ್ತ್ರಜ್ಞರಿಗೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ನೆಲದ ಮೇಲೆ 'ಎಷ್ಟು ಜನರಲ್ಲಿ ಎಷ್ಟು ಜನಕ್ಕೆ' ಎಂಬ ಪ್ರಶ್ನೆಗೆ ಛೇದವೇ ಸಿಗುವುದಿಲ್ಲ. ಹಡಗಿನಲ್ಲಿ ಛೇದ ಮೊದಲೇ ಗೊತ್ತು.

ಕಳೆದ ಐವತ್ತು ವರ್ಷಗಳ ಹಡಗು ಸಂಶೋಧನೆಯನ್ನು ಹೀಗೆ ನೋಡಬೇಕು ಎಂಬುದು ನನ್ನ ವಾದ. ಹಡಗು ರೋಗದ ಗೂಡು ಎನ್ನುವುದಕ್ಕಿಂತ ರೋಗವನ್ನು ಅಳೆಯುವ ಉಪಕರಣ ಎನ್ನುವುದು ಸರಿ. ಈ ಉಪಕರಣವನ್ನು ನಾವು ಒಳಮುಖವಾಗಿ ಮಾತ್ರ ಹಿಡಿದಿದ್ದೇವೆ. ಕ್ಯಾಬಿನ್ನು, ಬಫೆ, ಬಾಗಿಲ ಹಿಡಿ ಎಲ್ಲವನ್ನೂ ಪರೀಕ್ಷಿಸುತ್ತೇವೆ. ಸುತ್ತಲಿನ ಕಡಲು ಆ ಹಡಗಿಗೆ ಏನು ಕೊಡುತ್ತದೆ, ಹಡಗು ಕಡಲಿಗೆ ಏನು ಬಿಡುತ್ತದೆ ಎಂಬ ಲೆಕ್ಕ ಮಾತ್ರ ಅರೆಬರೆ.

ಮೊದಲು ಒಳಗಿನದನ್ನೇ ನೋಡೋಣ. ನೊರೊವೈರಸ್ ಯಾಕೆ ಇಷ್ಟು ಹಟಮಾರಿ ಎಂದರೆ ಅದಕ್ಕೆ ಕೊಬ್ಬಿನ ಹೊರಕವಚವಿಲ್ಲ. ಕೊರೊನಾ ವೈರಸ್ಸಿಗೆ ಆ ಕವಚವಿದೆ, ಸ್ಯಾನಿಟೈಸರಿನ ಆಲ್ಕೊಹಾಲ್ ಅದನ್ನು ಕರಗಿಸಿಬಿಡುತ್ತದೆ. ನೊರೊವೈರಸ್ಸಿನ ಮೇಲೆ ಆಲ್ಕೊಹಾಲಿನ ಆಟ ಹೆಚ್ಚು ನಡೆಯುವುದಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆದರೆ ಅದು ಜಾರಿ ಹೋಗುತ್ತದೆ, ನೆಲ-ಮೇಜುಗಳಿಗೆ ಕ್ಲೋರಿನ್ ಬ್ಲೀಚ್ ಬೇಕು. ಬಫೆ ಬಾಗಿಲಲ್ಲಿ ನಿಂತು ನಗುತ್ತ ಎಲ್ಲರ ಅಂಗೈಗೆ ಸ್ಯಾನಿಟೈಸರ್ ಹಾಕುವ ಏರ್ಪಾಡು ನೋಡಲು ಚೆನ್ನ, ಆದರೆ ಈ ರೋಗದ ಮಟ್ಟಿಗೆ ಅದು ಅರ್ಧ ನಾಟಕ. ಅಲ್ಲೇ ಎರಡು ವಾಶ್‌ಬೇಸಿನ್ ಇಟ್ಟರೆ ಹೆಚ್ಚು ಕೆಲಸವಾಗುತ್ತದೆ.

ಸೋಂಕು ತಗಲಲು ಬೇಕಾದ ಪ್ರಮಾಣವೂ ತೀರಾ ಕಡಿಮೆ. ಸ್ವಯಂಸೇವಕರ ಮೇಲೆ ನಡೆದ ಪ್ರಯೋಗಗಳನ್ನು ಆಧರಿಸಿ 2008ರಲ್ಲಿ ಪ್ರಕಟವಾದ ಅಂದಾಜಿನಂತೆ 18 ವೈರಸ್ ಕಣಗಳೇ ಸಾಕಾಗಬಹುದು. ರೋಗಿಯ ಒಂದು ಗ್ರಾಂ ಮಲದಲ್ಲಿ ಅವು ಶತಕೋಟಿಗಟ್ಟಲೆ ಇರುತ್ತವೆ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, 2002ರ ಒಂದು ಘಟನೆ ಆಶ್ಚರ್ಯವೆನಿಸುವುದಿಲ್ಲ. ಒಂದು ಹಡಗಿನಲ್ಲಿ ಸತತ ಎರಡು ಯಾನಗಳಲ್ಲಿ ವಾಂತಿಭೇದಿ ಹಬ್ಬಿತು. ಹಡಗನ್ನು ಒಂದು ವಾರ ಸೇವೆಯಿಂದ ಹೊರಗಿಟ್ಟು ಉಜ್ಜಿ ತೊಳೆದರು. ಹೊಸ ಪ್ರಯಾಣಿಕರು ಹತ್ತಿದರು. ಮತ್ತೆ ನಾಲ್ಕು ಯಾನಗಳಲ್ಲಿ ಅದೇ ಕಾಯಿಲೆ ಕಾಣಿಸಿಕೊಂಡಿತು. ಪ್ರಯಾಣಿಕರು ಬದಲಾಗುತ್ತಾರೆ, ಸಿಬ್ಬಂದಿ ಮತ್ತು ಗೋಡೆ-ಹಿಡಿಕೆಗಳು ಬದಲಾಗುವುದಿಲ್ಲ.

ಶುಚಿತ್ವ ಕಣ್ಣಿಗೆ ಕಾಣುವುದಷ್ಟೇ ಅಲ್ಲ ಎಂದು ತೋರಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. 56 ಹಡಗುಗಳ ಸಾರ್ವಜನಿಕ ಶೌಚಾಲಯಗಳಲ್ಲಿ ನಲ್ಲಿ, ಫ್ಲಶ್, ಬಾಗಿಲ ಹಿಡಿ ಇತ್ಯಾದಿಗಳ ಮೇಲೆ ಬರಿಗಣ್ಣಿಗೆ ಕಾಣದ, ನೇರಳಾತೀತ ಬೆಳಕಿನಲ್ಲಿ ಮಾತ್ರ ಹೊಳೆಯುವ ಗುರುತು ಹಾಕಿಟ್ಟರು. ಒರೆಸಿದ್ದರೆ ಗುರುತು ಮಾಯವಾಗಬೇಕು. ದಿನವೂ ನಿಜವಾಗಿ ಒರೆಸಲಾಗಿದ್ದು ಶೇ 37 ವಸ್ತುಗಳನ್ನು ಮಾತ್ರ. ಆ ಶೌಚಾಲಯಗಳು ಕಣ್ಣಿಗೆ ಫಳಫಳ ಹೊಳೆಯುತ್ತಿದ್ದವು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ವೈರಸ್ಸೂ ಸುಮ್ಮನೆ ಕೂತಿಲ್ಲ. ಹಲವು ವರ್ಷ ಜಿಐಐ.4 ಎಂಬ ತಳಿ ಜಗತ್ತಿನಾದ್ಯಂತ ಮೇಲುಗೈ ಸಾಧಿಸಿತ್ತು. 2024-25ರ ಚಳಿಗಾಲದಲ್ಲಿ ಅಮೆರಿಕದಲ್ಲಿ ಅದರ ಜಾಗವನ್ನು ಜಿಐಐ.17 ಹಿಡಿಯಿತು. ಹೊಸ ತಳಿಯ ವಿರುದ್ಧ ಜನರಲ್ಲಿ ರೋಗನಿರೋಧಕತೆ ಕಡಿಮೆ ಇರುತ್ತದೆ. ಹಡಗುಗಳ ಪಟ್ಟಿ ಆ ಅವಧಿಯಲ್ಲಿ ಉದ್ದವಾಗಿದ್ದರಲ್ಲಿ ಇದರ ಪಾಲೂ ಇರಬೇಕು. ಎಲ್ಲವನ್ನೂ ಕ್ಲೀನರುಗಳ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕೋವಿಡ್ ಕಾಲದ ಡೈಮಂಡ್ ಪ್ರಿನ್ಸೆಸ್ ಕಥೆ ಎಲ್ಲರಿಗೂ ಗೊತ್ತಿರುವುದೇ. 2020ರ ಫೆಬ್ರುವರಿಯಲ್ಲಿ ಯೊಕೊಹಾಮದಲ್ಲಿ ಕಟ್ಟಿಹಾಕಿದ ಆ ಹಡಗಿನಲ್ಲಿದ್ದ 3,711 ಜನರಲ್ಲಿ 712 ಮಂದಿಗೆ ಸೋಂಕು ತಗಲಿತು. ರೋಗಲಕ್ಷಣವೇ ಇಲ್ಲದೆ ಸೋಂಕು ಹೊತ್ತವರು ಎಷ್ಟು ಎಂಬುದರ ಮೊದಲ ಗಟ್ಟಿ ಅಂದಾಜುಗಳು ಅಲ್ಲಿಂದಲೇ ಬಂದವು, ಏಕೆಂದರೆ ಅಲ್ಲಿ ಲಕ್ಷಣ ಇದ್ದವರನ್ನೂ ಇಲ್ಲದವರನ್ನೂ ಪರೀಕ್ಷಿಸಿದ್ದರು. ಅದರಲ್ಲಿ ಹೆಚ್ಚು ಚರ್ಚೆಯಾಗದ ಒಂದು ವಿವರ ನನಗೆ ಮುಖ್ಯ. ಕ್ವಾರಂಟೈನ್ ಶುರುವಾದ ಮೇಲೂ ಸಿಬ್ಬಂದಿ ಊಟ ಹಂಚುತ್ತಲೇ ಇದ್ದರು. ಸಿಬ್ಬಂದಿಯಲ್ಲಿ ಮೊದಲು ದೃಢಪಟ್ಟ 20 ಪ್ರಕರಣಗಳಲ್ಲಿ 15 ಮಂದಿ ಊಟೋಪಚಾರದ ವಿಭಾಗದವರು. 16 ಮಂದಿಯ ಕ್ಯಾಬಿನ್ನುಗಳು ಇದ್ದದ್ದು ಒಂದೇ ಡೆಕ್ಕಿನಲ್ಲಿ, ಮೂರನೆಯದರಲ್ಲಿ. ಪ್ರಯಾಣಿಕರಿಗೆ ಕೋಣೆ ಬಿಟ್ಟು ಬರಬೇಡಿ ಎಂದರು, ಸಿಬ್ಬಂದಿಗೆ ಒಂದೇ ಕೋಣೆಯಲ್ಲಿ ಇಬ್ಬರು ಮೂವರು ಮಲಗಿ ಎಂದರು. ಆ ಹಡಗಿನಲ್ಲಿ 132 ಭಾರತೀಯ ಸಿಬ್ಬಂದಿ ಇದ್ದರು. ಗೋವಾ, ಮುಂಬೈ, ನಮ್ಮ ಕರಾವಳಿಯಿಂದ ಹೋಗಿ ಹಡಗಿನ ಅಡುಗೆಮನೆ, ಹೌಸ್‌ಕೀಪಿಂಗಿನಲ್ಲಿ ದುಡಿಯುವವರ ಮನೆಗಳಲ್ಲಿ ಆ ಫೆಬ್ರುವರಿ ಹೇಗೆ ಕಳೆಯಿತು ಎಂಬುದು ಯಾವ ಸಂಶೋಧನಾ ಪ್ರಬಂಧದಲ್ಲೂ ಬರುವುದಿಲ್ಲ.

ಒಳಗಿನ ನೀರಿನ ಕಥೆ ಬೇರೆಯದೇ. 1994ರಲ್ಲಿ ಹೊರೈಜನ್ ಎಂಬ ಹಡಗಿನ ಪ್ರಯಾಣಿಕರಲ್ಲಿ ಲೀಜಿಯೊನೆಲ್ಲ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ ಕಾಣಿಸಿತು. ಒಂಬತ್ತು ಯಾನಗಳಲ್ಲಿ 50 ಜನರಿಗೆ ಬಂದಿತ್ತು. ಹುಡುಕುತ್ತ ಹೋದರೆ ಮೂಲ ಸಿಕ್ಕಿದ್ದು ಬಿಸಿನೀರಿನ ಸುಳಿಕೊಳದ ಮರಳಿನ ಫಿಲ್ಟರಿನಲ್ಲಿ. ಬೆಚ್ಚಗಿನ ನೀರು ಗುಳ್ಳೆಯೆದ್ದು ಹನಿಯಾಗಿ ಗಾಳಿಗೆ ಸೇರುತ್ತದೆ, ಕೊಳಕ್ಕೆ ಇಳಿಯದೆ ಪಕ್ಕದಲ್ಲಿ ನಿಂತವರೂ ಅದನ್ನು ಉಸಿರಾಡುತ್ತಾರೆ. ಪಾಠ ಕಲಿತೆವು ಎಂದುಕೊಂಡು ಮೂವತ್ತು ವರ್ಷ ಕಳೆದ ಮೇಲೆ, 2022ರ ನವೆಂಬರಿನಿಂದ 2024ರ ಜೂನ್ ನಡುವೆ, ಎರಡು ಹಡಗುಗಳಲ್ಲಿ ಮತ್ತೆ 12 ಪ್ರಕರಣ. ಈ ಸಲ ಆರೋಪಿ ಸಾರ್ವಜನಿಕ ಕೊಳವಲ್ಲ, ದುಬಾರಿ ಕೋಣೆಗಳ ಬಾಲ್ಕನಿಯಲ್ಲಿ ಇಟ್ಟ ಖಾಸಗಿ ಹಾಟ್ ಟಬ್. ಸಾರ್ವಜನಿಕ ಟಬ್ಬಿಗಿದ್ದ ಕಟ್ಟುನಿಟ್ಟು ಖಾಸಗಿ ಟಬ್ಬಿಗಿರಲಿಲ್ಲ.

ಇನ್ನು ಕಡಲಿಗೆ ಬರುತ್ತೇನೆ. ಇಲ್ಲಿ ನಿಧಾನಿಸಬೇಕು.

2004ರ ಜುಲೈನಲ್ಲಿ ಅಮೆರಿಕದ ನೆವಾಡ ರಾಜ್ಯದ ಆರೋಗ್ಯ ಇಲಾಖೆ ಅಲಾಸ್ಕಾಕ್ಕೆ ಒಂದು ಸುದ್ದಿ ಮುಟ್ಟಿಸಿತು. ಅಲಾಸ್ಕಾ ಪ್ರವಾಸದ ಹಡಗಿನಿಂದ ಮರಳಿದವರಿಗೆ ಹೊಟ್ಟೆ ಕೆಟ್ಟಿದೆ ಎಂಬುದು ಆ ಸುದ್ದಿ. ಹಡಗು, ವಾಂತಿಭೇದಿ ಎಂದ ಕೂಡಲೇ ನೊರೊವೈರಸ್ ಎಂದು ಕಡತ ಮುಚ್ಚಬಹುದಿತ್ತು. ಆದರೆ ಮಲದ ಮಾದರಿಯಲ್ಲಿ ಸಿಕ್ಕಿದ್ದು ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್. ಇದು ಕಾಲರಾ ರೋಗಾಣುವಿನ ದಾಯಾದಿ, ಉಪ್ಪುನೀರಿನಲ್ಲೇ ಹುಟ್ಟಿ ಬೆಳೆಯುವ ಬ್ಯಾಕ್ಟೀರಿಯಾ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಸಣ್ಣಮೀನು ತಿಂದು 20 ಜನ ಸತ್ತಾಗ ಇದನ್ನು ಮೊದಲು ಗುರುತಿಸಿದ್ದರು. ಇದಕ್ಕೆ ಬೆಚ್ಚಗಿನ ನೀರು ಬೇಕು. ಅಲಾಸ್ಕಾದ ಹಿಮನದಿ ಬಂದು ಸೇರುವ ಕಡಲಿನಲ್ಲಿ ಇದು ರೋಗ ತರುವಷ್ಟು ಬೆಳೆಯುತ್ತದೆ ಎಂದು ಯಾರೂ ನಿರೀಕ್ಷಿಸಿರಲಿಲ್ಲ.

ಜೋಸೆಫ್ ಮೆಕ್‌ಲಾಕ್ಲಿನ್ ನೇತೃತ್ವದ ತಂಡ ಪ್ರಯಾಣಿಕರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿತು. ಕಾಯಿಲೆ ಬಿದ್ದವರನ್ನೂ ಬೀಳದವರನ್ನೂ ಬೇರೆ ಮಾಡುತ್ತಿದ್ದ ಸಂಗತಿ ಹಸಿ ಸಿಂಪಿ. ಪ್ರಿನ್ಸ್ ವಿಲಿಯಂ ಸೌಂಡ್ ಎಂಬ ಕೊಲ್ಲಿಯಲ್ಲಿ ಸಾಕಿದ, ಹಡಗಿನಲ್ಲಿ ಬಡಿಸಿದ ಸಿಂಪಿ. ಅದನ್ನು ತಿಂದವರಲ್ಲಿ ಶೇ 29 ಮಂದಿಗೆ ರೋಗ ಬಂದಿತ್ತು. ಹೆಚ್ಚಿನವರು ಒಂದೆರಡಕ್ಕಿಂತ ಹೆಚ್ಚು ತಿಂದೂ ಇರಲಿಲ್ಲ. ಆ ಬೇಸಿಗೆಯಲ್ಲಿ ಒಟ್ಟು 62 ಪ್ರಕರಣಗಳು ಪತ್ತೆಯಾದವು. ಆಮೇಲೆ ತಂಡ ಸಿಂಪಿ ಸಾಕಣೆಯವರು ಬರೆದಿಟ್ಟಿದ್ದ ನೀರಿನ ಉಷ್ಣಾಂಶದ ದಾಖಲೆ ತೆರೆಯಿತು. ಉತ್ತರವೆಲ್ಲ ಅದರಲ್ಲೇ ಇತ್ತು. 1997ರಿಂದೀಚೆಗೆ ಜುಲೈ-ಆಗಸ್ಟ್ ತಿಂಗಳ ಸರಾಸರಿ ವರ್ಷಕ್ಕೆ 0.21 ಡಿಗ್ರಿ ಸೆಲ್ಸಿಯಸ್‌ನಂತೆ ಏರುತ್ತ ಬಂದಿತ್ತು. ಆ ಎರಡು ತಿಂಗಳಲ್ಲಿ ಒಂದು ದಿನವೂ 15 ಡಿಗ್ರಿಗಿಂತ ಕೆಳಗೆ ಇಳಿಯದ ಮೊದಲ ವರ್ಷ 2004. ಈ ಬಗೆಯ ಕಾಯಿಲೆ ವರದಿಯಾದ ಉತ್ತರದ ಎಲ್ಲೆ ಒಂದೇ ಏಟಿಗೆ 1,000 ಕಿಲೋಮೀಟರ್ ಮೇಲಕ್ಕೆ ಸರಿಯಿತು.

ಹಡಗಿನ ಅಡುಗೆಮನೆಯಲ್ಲಿ ತಪ್ಪೇನೂ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಕೈ ತೊಳೆದಿದ್ದರೋ ಇಲ್ಲವೋ, ಬ್ಲೀಚ್ ಹಾಕಿದ್ದರೋ ಇಲ್ಲವೋ, ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಶುಚಿತ್ವದ ತಪಾಸಣೆಯಲ್ಲಿ ನೂರಕ್ಕೆ ನೂರು ಅಂಕ ಪಡೆದ ಹಡಗಿನಲ್ಲೂ ಇದು ಆಗಬಹುದಿತ್ತು, ಏಕೆಂದರೆ ರೋಗ ಬಂದದ್ದು ಕಡಲು ಬೆಚ್ಚಗಾದದ್ದರಿಂದ. ಅದನ್ನು ಪತ್ತೆ ಹಚ್ಚಲು ಸಾಧ್ಯವಾದದ್ದು ಮಾತ್ರ ಹಡಗಿನಿಂದ. ಅದೇ ಸಿಂಪಿಯನ್ನು ತೀರದ ಹತ್ತು ಹೋಟೆಲುಗಳಲ್ಲಿ ಹತ್ತು ದಿನ ಬೇರೆ ಬೇರೆ ಜನ ತಿಂದಿದ್ದರೆ, ಅವರವರ ಊರಿಗೆ ಹೋಗಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದರೆ, ಈ ಎಳೆ ಸಿಗುತ್ತಿತ್ತೆ?

ಆಮೇಲೆ ಇಂಥದ್ದು ಬೇರೆ ಕಡೆಯಿಂದಲೂ ಬಂತು. 2014ರ ಬಿರುಬೇಸಿಗೆಯಲ್ಲಿ ಬಾಲ್ಟಿಕ್ ತೀರದ ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಉತ್ತರ ಧ್ರುವವೃತ್ತದ ಸಮೀಪದವರೆಗೂ ವಿಬ್ರಿಯೊ ಸೋಂಕುಗಳು ಕಂಡವು. ಗಾಯದ ಮೂಲಕ ಹೊಕ್ಕು ಮಾಂಸ ಕೊಳೆಸುವ ವಿಬ್ರಿಯೊ ವಲ್ನಿಫಿಕಸ್ ಅಮೆರಿಕದ ಪೂರ್ವ ತೀರದಲ್ಲಿ 1988ರಿಂದ 2018ರ ನಡುವೆ ಎಂಟು ಪಟ್ಟು ಹೆಚ್ಚಿತು, ಅದರ ಉತ್ತರದ ಎಲ್ಲೆ ವರ್ಷಕ್ಕೆ 48 ಕಿಲೋಮೀಟರ್ ಮೇಲೇರುತ್ತಿದೆ ಎಂದು 2023ರ ಅಧ್ಯಯನ ಲೆಕ್ಕ ಹಾಕಿತು. ಯುರೋಪಿನ ರೋಗ ನಿಯಂತ್ರಣ ಕೇಂದ್ರ ಈಗ ಉಪಗ್ರಹಗಳಿಂದ ಸಮುದ್ರದ ಮೇಲ್ಮೈ ಉಷ್ಣಾಂಶ ಮತ್ತು ಉಪ್ಪಿನಂಶ ನೋಡಿ ಎಲ್ಲಿ ವಿಬ್ರಿಯೊ ಅಪಾಯ ಹೆಚ್ಚು ಎಂಬ ನಕ್ಷೆ ಕೊಡುತ್ತದೆ.

ಈ ಆಲೋಚನೆಯ ಬೇರು ನಮ್ಮ ಬಂಗಾಳ ಕೊಲ್ಲಿಯಲ್ಲಿದೆ. ಕಾಲರಾ ಎಂದರೆ ಕೊಳಕು ಬಾವಿ, ಕೊಳಕು ಕೈ ಎಂದಷ್ಟೇ ತಿಳಿದಿದ್ದ ಕಾಲದಲ್ಲಿ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕಾಲ್ವೆಲ್ ಬೇರೆ ಮಾತು ಹೇಳಿದರು. ಕಾಲರಾ ಬ್ಯಾಕ್ಟೀರಿಯಾ ಅಳಿವೆ ಮತ್ತು ಕರಾವಳಿ ನೀರಿನ ಕಾಯಂ ನಿವಾಸಿ, ಕೋಪಿಪಾಡ್ ಎಂಬ ಕಣ್ಣಿಗೆ ಕಾಣುವುದೂ ಕಷ್ಟವಾದ, ನೀರಿನಲ್ಲಿ ತೇಲುವ ಪ್ಲವಕ (ಪ್ಲಾಂಕ್ಟನ್) ಜೀವಿಗಳ ಮೈಗಂಟಿಕೊಂಡು ಬದುಕುತ್ತದೆ ಎಂದರು. ಬಹಳ ಜನ ನಂಬಲಿಲ್ಲ. 2000ದಲ್ಲಿ ಅವರ ತಂಡ ಬಂಗಾಳ ಕೊಲ್ಲಿಯ ಮೇಲ್ಮೈ ಉಷ್ಣಾಂಶ ಮತ್ತು ಸಮುದ್ರ ಮಟ್ಟದ ಉಪಗ್ರಹ ಮಾಹಿತಿಯನ್ನು ಬಾಂಗ್ಲಾದೇಶದ ಕಾಲರಾ ಏರಿಳಿತದ ಜೊತೆ ಹೋಲಿಸಿ ಹೊಂದಿಕೆ ತೋರಿಸಿತು. 2003ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಹೆಚ್ಚು ಸುಂದರ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳ ಹೆಂಗಸರು ಹಳೆಯ ಸೀರೆಯನ್ನು ನಾಲ್ಕಾರು ಮಡಿಕೆ ಮಾಡಿ ಅದರ ಮೂಲಕ ನೀರು ಸೋಸಿದರು. ಬ್ಯಾಕ್ಟೀರಿಯಾ ಸೀರೆಯೊಳಗಿಂದ ಸಲೀಸಾಗಿ ದಾಟಬಲ್ಲದು, ಅದು ಅಂಟಿಕೊಂಡ ಕೋಪಿಪಾಡ್ ದಾಟಲಾರದು. ಕಾಲರಾ ಶೇ 48ರಷ್ಟು ಇಳಿಯಿತು.

ಆದರೆ ಕಡಲೇ ಎಲ್ಲಕ್ಕೂ ಮೂಲ ಎಂದರೆ ಅದೂ ಅತಿಯಾಯಿತು. 1991ರ ಜನವರಿಯಲ್ಲಿ ಪೆರುವಿನ ಕರಾವಳಿ ಊರುಗಳಲ್ಲಿ ಕಾಲರಾ ಸ್ಫೋಟಿಸಿದಾಗ ಎರಡು ವಾದ ಎದ್ದವು. ಬೆಚ್ಚಗಾದ ಕಡಲಿನ ಪ್ಲವಕದಿಂದ ಎದ್ದು ಬಂತು ಎಂಬುದು ಒಂದು. ಸರಕು ಹಡಗಿನ ಬ್ಯಾಲಾಸ್ಟ್ ನೀರಿನಲ್ಲಿ, ಅಂದರೆ ಹಡಗಿನ ಸಮತೋಲಕ್ಕೆಂದು ಒಂದು ಬಂದರಿನಲ್ಲಿ ತುಂಬಿ ಇನ್ನೊಂದರಲ್ಲಿ ಸುರಿಯುವ ನೀರಿನಲ್ಲಿ, ಬಂತು ಎಂಬುದು ಇನ್ನೊಂದು. ಎರಡನೆಯದಕ್ಕೆ ಬಲ ಬಂದದ್ದು ಮೆಕ್ಸಿಕೊ ಕೊಲ್ಲಿಯ ಬಂದರುಗಳಲ್ಲಿ. ಅಲ್ಲಿಗೆ ಬಂದ ಐದು ಸರಕು ಹಡಗುಗಳ ಬ್ಯಾಲಾಸ್ಟ್ ಮತ್ತಿತರ ಕುಡಿಯಲಾರದ ನೀರಿನಲ್ಲಿ ಲ್ಯಾಟಿನ್ ಅಮೆರಿಕದ ಅದೇ ಕಾಲರಾ ತಳಿ ಸಿಕ್ಕಿತು, ಅಲಬಾಮದ ಮೊಬೈಲ್ ಕೊಲ್ಲಿಯ ಸಿಂಪಿಗಳಲ್ಲೂ ಸಿಕ್ಕಿತ್ತು. ಮುಂದೆ ಜೀನೋಮ್ ಓದಿದವರು, 1991ರ ತಳಿ ಆಫ್ರಿಕಾದಿಂದ ಬಂದದ್ದು, ಈ ಮಹಾಮಾರಿಯ ಅಲೆಗಳು ಮೂಲತಃ ಬಂಗಾಳ ಕೊಲ್ಲಿಯ ಕಡೆಯಿಂದ ಹೊರಟವು ಎಂದರು. ಅಂದರೆ ದೂರದೂರಕ್ಕೆ ರೋಗ ಸಾಗಿಸುವುದು ಮನುಷ್ಯರ ಓಡಾಟ, ಬಂದ ಮೇಲೆ ಅದಕ್ಕೆ ನೆಲೆ ಕೊಡುವುದು ಸ್ಥಳೀಯ ನೀರು. ನನಗೆ ಈ ಎರಡೂ ಒಟ್ಟಿಗೆ ಇದ್ದರೇ ಒಪ್ಪಿಗೆಯಾಗುವ ಚಿತ್ರ. 1996ರಲ್ಲಿ ಕೋಲ್ಕತ್ತದಲ್ಲಿ ಮೊದಲು ಗುರುತಿಸಿದ ಪ್ಯಾರಾಹೀಮೊಲಿಟಿಕಸ್‌ನ ಒ3:ಕೆ6 ತಳಿ ಕೆಲವೇ ವರ್ಷಗಳಲ್ಲಿ ಖಂಡ ದಾಟಿ ಹೋದದ್ದೂ ಇದಕ್ಕೆ ಹೊಂದುತ್ತದೆ.

ಬ್ಯಾಲಾಸ್ಟ್ ವಿಚಾರದಲ್ಲಿ ಜಗತ್ತು ತಡವಾಗಿಯಾದರೂ ಎಚ್ಚೆತ್ತಿತು. ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಒಪ್ಪಂದ 2004ರಲ್ಲಿ ಆಯಿತು, ಜಾರಿಗೆ ಬರಲು 2017 ಆಗಬೇಕಾಯಿತು. ಬಿಡುವ ನೀರಿನ 100 ಮಿಲಿಲೀಟರಿನಲ್ಲಿ ಕಾಲರಾ ಬ್ಯಾಕ್ಟೀರಿಯಾದ ಒಂದು ವಸಾಹತೂ ಇರಬಾರದು ಎಂಬ ಸ್ಪಷ್ಟ ಮಿತಿ ಅದರಲ್ಲಿದೆ.

ಪ್ರವಾಸಿ ಹಡಗಿನ ಕೊಳಚೆಗೆ ಬಂದರೆ ನಿಯಮ ಸಡಿಲ. 3,000 ಜನರ ಹಡಗು ದಿನಕ್ಕೆ ಸುಮಾರು 80,000 ಲೀಟರ್ ಶೌಚಾಲಯದ ಕೊಳಚೆ ಉತ್ಪಾದಿಸುತ್ತದೆ ಎಂಬುದು ಅಮೆರಿಕದ ಪರಿಸರ ಇಲಾಖೆಯ ಅಂದಾಜು. ಸ್ನಾನ, ಬಟ್ಟೆ, ಪಾತ್ರೆ ತೊಳೆದ ನೀರು ಅದರ ಹಲವು ಪಟ್ಟು. ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ತೀರದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಆಚೆ ಹಡಗು ಸಾಗುತ್ತಿರುವಾಗ ಸಂಸ್ಕರಿಸದ ಕೊಳಚೆಯನ್ನೂ ನಿಧಾನವಾಗಿ ಬಿಡಬಹುದು. ಸ್ನಾನದ ಮತ್ತು ತೊಳೆದ ನೀರಿಗೆ ಆ ಒಪ್ಪಂದದಲ್ಲಿ ಕಟ್ಟಳೆಯೇ ಇಲ್ಲ. ಬಾಲ್ಟಿಕ್ ಸಮುದ್ರದಲ್ಲಿ ಪ್ರಯಾಣಿಕ ಹಡಗುಗಳಿಗೆ ಕಠಿಣ ನಿಯಮವಿದೆ, ಅಲಾಸ್ಕಾ ತನ್ನದೇ ಕಾನೂನು ಮಾಡಿಕೊಂಡಿದೆ. ಹೆಚ್ಚಿನ ಹಡಗುಗಳಲ್ಲಿ ಇವತ್ತು ಒಳ್ಳೆಯ ಸಂಸ್ಕರಣಾ ಯಂತ್ರಗಳಿವೆ ಎಂಬುದೂ ನಿಜ. ಆದರೂ ವಾಂತಿಭೇದಿ ಹಬ್ಬಿದ ವಾರ ಆ ಯಂತ್ರದಿಂದ ಹೊರಬಿದ್ದ ನೀರಿನಲ್ಲಿ ಏನಿತ್ತು ಎಂಬುದು ಮೊದಲು ಹೇಳಿದ ಸರ್ಕಾರಿ ಪಟ್ಟಿಯಲ್ಲಿ ಬರುವುದಿಲ್ಲ.

ಇದು ಬರಿಯ ಊಹೆಯ ಭಯವೂ ಅಲ್ಲ. 1993ರ ನವೆಂಬರಿನಲ್ಲಿ ಲೂಸಿಯಾನದ ಸಿಂಪಿ ತಿಂದು ಹಲವು ರಾಜ್ಯಗಳ ಜನ ನೊರೊವೈರಸ್ಸಿನಿಂದ ಮಲಗಿದರು. ತನಿಖೆಯ ಎಳೆ ಹೋಗಿ ನಿಂತದ್ದು ಸಿಂಪಿ ಹಿಡಿಯುವ ದೋಣಿಗಳ ಬಳಿ. ದೋಣಿಯವರು ಶೌಚವನ್ನು ನೇರ ನೀರಿಗೇ ಸುರಿಯುತ್ತಿದ್ದರು. ಅದು ಪುಟ್ಟ ದೋಣಿ, ಪ್ರವಾಸಿ ಹಡಗಲ್ಲ. ದೊಡ್ಡ ಹಡಗಿಗೆ ಅದನ್ನು ನೇರ ಅನ್ವಯಿಸುವಂತಿಲ್ಲ, ಆಳ ಕಡಲಿನಲ್ಲಿ ಕೊಳಚೆ ಬೇಗ ಕರಗಿ ತೆಳುವಾಗುತ್ತದೆ. ಆದರೆ ಸಿಂಪಿ ನೀರನ್ನು ಸೋಸಿ ಬದುಕುವ ಪ್ರಾಣಿ, ಅದರ ಜೀರ್ಣಾಂಗದಲ್ಲಿ ನೊರೊವೈರಸ್ ಅಂಟಿಕೊಳ್ಳಲು ಬೇಕಾದ ಶರ್ಕರಗಳು ನಮ್ಮ ಕರುಳಿನಲ್ಲಿರುವಂಥವೇ. ನೀರಿನಲ್ಲಿ ತೆಳುವಾದದ್ದು ಸಿಂಪಿಯಲ್ಲಿ ಮತ್ತೆ ಒಟ್ಟಾಗುತ್ತದೆ. ಅಘನಾಶಿನಿಯ ಬಳಚನ್ನು ನಾವು ಬೇಯಿಸದೆ ತಿನ್ನುವುದಿಲ್ಲ, ಅಷ್ಟರ ಮಟ್ಟಿಗೆ ನಮ್ಮ ಕರಾವಳಿಯ ಅಡುಗೆ ಜಾಣತನದ್ದು.

ಹೋದಲ್ಲೆಲ್ಲ ಮಾದರಿ ಎಂದು ತೋರಿಸುವ ಅಮೆರಿಕದ ತಪಾಸಣೆ ವ್ಯವಸ್ಥೆಯೂ 2025ರಲ್ಲಿ ಅಲುಗಾಡಿತು. 1970ರ ದಶಕದಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ಅಧಿಕಾರಿಗಳು ಮುನ್ಸೂಚನೆ ಇಲ್ಲದೆ ಹಡಗು ಹತ್ತಿ ನೂರಕ್ಕೆ ಅಂಕ ಕೊಡುತ್ತಾರೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲು. 2025ರ ಏಪ್ರಿಲ್‌ನ ಭಾರೀ ಸಿಬ್ಬಂದಿ ಕಡಿತದಲ್ಲಿ ಈ ವಿಭಾಗದವರೂ ಕೆಲಸ ಕಳೆದುಕೊಂಡರು. ತಪಾಸಣೆಯ ಖರ್ಚನ್ನು ಹಡಗು ಕಂಪನಿಗಳೇ ಶುಲ್ಕವಾಗಿ ತುಂಬುವುದರಿಂದ ಸರ್ಕಾರಕ್ಕೆ ಅದರಲ್ಲಿ ಉಳಿಯುವ ದುಡ್ಡು ಎಷ್ಟೆಂದು ಅಲ್ಲಿನವರೇ ಕೇಳಿದರು.

ನಮ್ಮಲ್ಲಿ ಇದರ ಚರ್ಚೆ ಈಗಲೇ ಆಗಬೇಕು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕ್ರೂಸ್ ಭಾರತ್ ಮಿಷನ್ ಆರಂಭಿಸಿತು. 2029ರ ಹೊತ್ತಿಗೆ ಹಡಗು ಪ್ರವಾಸಿಗರ ಸಂಖ್ಯೆಯನ್ನು ಎರಡು ಪಟ್ಟು ಮಾಡುವ ಗುರಿ ಅದರದ್ದು. ಪಣಂಬೂರಿನ ನವಮಂಗಳೂರು ಬಂದರಿಗೆ ಪ್ರತಿ ಋತುವಿನಲ್ಲಿ ವಿದೇಶಿ ಹಡಗುಗಳು ಬರುತ್ತವೆ, ಪ್ರವಾಸಿಗರು ಕಾರ್ಕಳ, ಮೂಡುಬಿದಿರೆ ಸುತ್ತಿ ಸಂಜೆ ಹಡಗು ಸೇರುತ್ತಾರೆ. 2022ರ ಹೊಸವರ್ಷದ ಮುಂಬೈ-ಗೋವಾ ಯಾನದಲ್ಲಿ ಸುಮಾರು 2,000 ಜನರ ಪೈಕಿ 66 ಮಂದಿಗೆ ಕೋವಿಡ್ ದೃಢಪಟ್ಟು ಹಡಗು ಗೋವಾದ ಮೊರ್ಮುಗಾವ್ ಬಂದರಿನಲ್ಲಿ ಸಿಕ್ಕಿಬಿದ್ದದ್ದನ್ನು ನೆನೆದರೆ, ಇದು ಬೇರೆ ದೇಶದವರ ತಲೆನೋವು ಎಂದು ಸುಮ್ಮನಿರಲಾಗದು.

ಅಂತರರಾಷ್ಟ್ರೀಯ ಆರೋಗ್ಯ ನಿಯಮದಂತೆ ಹಡಗಿಗೆ ಬಂದರಿನ ಆರೋಗ್ಯ ಅಧಿಕಾರಿಗಳು ನೈರ್ಮಲ್ಯ ಪ್ರಮಾಣಪತ್ರ ಕೊಡುತ್ತಾರೆ. ಅದರ ಅವಧಿ ಹೆಚ್ಚೆಂದರೆ 6 ತಿಂಗಳು. ಅದು ಕ್ಯಾಪ್ಟನ್ ಮತ್ತು ಅಧಿಕಾರಿಯ ನಡುವಿನ ಕಾಗದ, ಟಿಕೆಟ್ ಕೊಳ್ಳುವವರಿಗೆ ತೋರಿಸುವ ಅಂಕಪಟ್ಟಿಯಲ್ಲ. ಹೊಸ ಟರ್ಮಿನಲ್ಲುಗಳಿಗೆ ಖರ್ಚು ಮಾಡುವಾಗಲೇ ಮೂರು ಸಂಗತಿ ಸೇರಿಸಿಬಿಡಬಹುದು. ಪ್ರತಿ ಯಾನದ ವಾಂತಿಭೇದಿ ಲೆಕ್ಕ ಸಾರ್ವಜನಿಕವಾಗಬೇಕು, ಅದರಲ್ಲಿ ಸಿಬ್ಬಂದಿಯ ಕಾಲಂ ಬೇರೆಯೇ ಇರಬೇಕು. ನಮ್ಮ ತೀರದ ಹತ್ತಿರ ಬಿಟ್ಟ ತೊಳೆದ ನೀರಿನ ದಾಖಲೆ ಬಂದರಿಗೆ ಸಲ್ಲಿಕೆಯಾಗಬೇಕು. ಮತ್ತು ಅಲಾಸ್ಕಾದ ಸಿಂಪಿ ಸಾಕಣೆಯವರು ಬರೆದಿಟ್ಟ ಹಾಗೆ, ಅಳಿವೆಗಳಲ್ಲಿ ನೀರಿನ ಉಷ್ಣಾಂಶವನ್ನು ಯಾರಾದರೂ ದಿನವೂ ಬರೆದಿಡಬೇಕು. ಮೂರರಲ್ಲಿ ಅತಿ ಅಗ್ಗದ್ದು ಕೊನೆಯದೇ, ಒಂದು ಥರ್ಮಾಮೀಟರು ಮತ್ತು ಒಂದು ನೋಟ್‌ಬುಕ್ಕಿನ ಖರ್ಚು.